ಎರಡೂ ಕೈ ಮೇಜಿನ ಮೇಲಿಡಿಸಿ, ಡಾಕ್ಟ್ರೇ

ಮೂಳೆ ಡಾಕ್ಟರರಿಗೆ,

ನನ್ನ ಅಮ್ಮನ ನೆನಪು ನಿಮಗೆ ಇರಲಾರದು. ಇರಬೇಕಿತ್ತು ಎಂದು ನಾನು ದೂರುವುದೂ ಇಲ್ಲ. ನಿಮ್ಮ ಕೋಣೆಯ ಮುಂದೆ ಬೆಳಿಗ್ಗೆ ಎಂಟಕ್ಕೇ ಚೀಟಿ ಹಿಡಿದು ನಿಂತಿರುತ್ತಿದ್ದ ನೂರು ಜನರಲ್ಲಿ ಅವಳೂ ಒಬ್ಬಳು. ಬಚ್ಚಲಲ್ಲಿ ಜಾರಿ, ಎಡಗೈ ಊರಿ ಬಿದ್ದಿದ್ದಳು. ಮಣಿಕಟ್ಟಿನ ಮೂಳೆ ಮುರಿದಿತ್ತು. ನೀವು ಎಳೆದು ಕೂರಿಸಿ ಪ್ಲಾಸ್ಟರ್ ಹಾಕಿದಿರಿ, ಆರು ವಾರಕ್ಕೆ ಬಿಚ್ಚಿದಿರಿ. ಮೂಳೆ ಚೆನ್ನಾಗಿಯೇ ಕೂಡಿತ್ತು. ಆ ಕೆಲಸಕ್ಕೆ ನಾನು ನಿಮಗೆ ಋಣಿ. ಇದು ಮನಸ್ಸಿನಿಂದ ಬಂದ ಮಾತು. ಈ ಪತ್ರ ಆಮೇಲಿನದಕ್ಕೆ. ನಿಮ್ಮ ಹೆಸರನ್ನಾಗಲಿ ಆಸ್ಪತ್ರೆಯ ಹೆಸರನ್ನಾಗಲಿ ಬರೆಯುವುದಿಲ್ಲ. ಯಾಕೆಂದರೆ ನೀವು ಆಡಿದ ಮಾತನ್ನೇ ನಾವು ಮುಂದೆ ಇನ್ನೂ ಮೂರು ಕಡೆ ಕೇಳಿದೆವು.

ಪ್ಲಾಸ್ಟರ್ ಬಿಚ್ಚಿದ ದಿನ ಕೈ ಊದಿಕೊಂಡಿತ್ತು. ಅದು ಸಹಜ, ಇಳಿಯುತ್ತೆ ಅಂದಿರಿ. ಇಳಿಯಲಿಲ್ಲ. ಅಂಗೈ ಹಿಂಭಾಗ ಎಣ್ಣೆ ಸವರಿದ ಹಾಗೆ ಮಿರುಗುತ್ತಿತ್ತು. ಬೆಳಿಗ್ಗೆ ಕೆಂಪಗಿದ್ದದ್ದು ಸಂಜೆಯ ಹೊತ್ತಿಗೆ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಬಲಗೈ ಒಣಗಿದ್ದರೂ ಎಡಗೈ ಬೆವರುತ್ತಿತ್ತು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಅಮ್ಮ ಫ್ಯಾನ್ ಹಾಕಗೊಡುತ್ತಿರಲಿಲ್ಲ, ಗಾಳಿ ತಗಲಿದರೆ ಕೈ ಉರಿಯುತ್ತದೆ ಅಂತ. ಸೀರೆಯ ಸೆರಗು ಸೋಕಿದರೆ ಕಿರುಚುತ್ತಿದ್ದಳು. ರಾತ್ರಿ ಕೈಯನ್ನು ಹೊದಿಕೆಯಿಂದ ಆಚೆ ದಿಂಬಿನ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕೂತಿರುತ್ತಿದ್ದಳು. ಹೇಗಿದೆ ನೋವು ಎಂದರೆ, "ಒಳಗೆ ಕೆಂಡ ಇಟ್ಟು ಯಾರೋ ಊದ್ತಾ ಇದಾರೆ" ಅನ್ನುತ್ತಿದ್ದಳು. ನಲವತ್ತು ವರ್ಷ ಒಲೆಯ ಮುಂದೆ ಕೂತವಳು. ಕೆಂಡ ಅಂದರೇನು ಎಂದು ಅವಳಿಗೆ ಗೊತ್ತು.

ನಿಮ್ಮಲ್ಲಿಗೆ ಮತ್ತೆ ಬಂದೆವು. ನೀವು ಹೊಸ ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು ನೋಡಿದಿರಿ. "ಎಲ್ಲ ನಾರ್ಮಲ್ ಇದೆ ಅಮ್ಮಾ. ಮನಸ್ಸು ಗಟ್ಟಿ ಮಾಡ್ಕೊಳ್ಳಿ, ಕೈ ಆಡಿಸಿ" ಅಂದಿರಿ. ಕೈ ಅಷ್ಟು ಹೊತ್ತೂ ಅವಳ ತೊಡೆಯ ಮೇಲೆ ಇತ್ತು. ಸೆರಗಿಗೂ ಕೈಗೂ ನಡುವೆ ಒಂದು ಗೇಣು ಅಂತರ ಬಿಟ್ಟುಕೊಂಡಿದ್ದಳು. ನೀವು ಅದರತ್ತ ನೋಡಲಿಲ್ಲ.

"ನಾರ್ಮಲ್" ಎಂಬ ನಿಮ್ಮ ಆ ಒಂದು ಮಾತು ನಿಮ್ಮ ಕೋಣೆಯಲ್ಲೇ ಉಳಿಯಲಿಲ್ಲ. ನಮ್ಮ ಜೊತೆ ಬಸ್ ಹತ್ತಿ ಮನೆಗೆ ಬಂತು. ನೆಂಟರು ಅದನ್ನು ಹಿಡಿದುಕೊಂಡರು. ಡಾಕ್ಟರೇ ಏನಿಲ್ಲ ಅಂದಮೇಲೆ ಇನ್ನೇನು? ಮನೆಯವರ ಕೈಯಲ್ಲಿ ಕೆಲಸ ಮಾಡಿಸಿಕೊಳ್ಳುವ ಆಟ ಅಂದರು ಕೆಲವರು. ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿ ಅಂದರು, ಐಸ್ ಇಡಿ ಅಂದರು, ದೃಷ್ಟಿ ತೆಗೆಸಿ ಅಂದರು. ಎಲ್ಲವನ್ನೂ ಮಾಡಿದೆವು. ಐಸ್ ಇಟ್ಟ ದಿನ ಅವಳು ಪಟ್ಟ ಪಾಡನ್ನು ಇಲ್ಲಿ ಬರೆಯಲಾರೆ. ಒಂದು ದಿನ ನಾನೂ ರೇಗಿ, "ಸ್ವಲ್ಪ ತಡ್ಕೋ ಅಮ್ಮ, ಮೂಳೆ ಕೂಡಿದೆಯಲ್ಲ" ಅಂದುಬಿಟ್ಟೆ. ಅಂದಿನಿಂದ ನನ್ನ ಮುಂದೆ ಅವಳು ನೋವಿನ ಮಾತೆತ್ತುವುದನ್ನು ಬಿಟ್ಟಳು. ಇವತ್ತಿಗೂ ನನ್ನನ್ನು ಕೊರೆಯುವುದು ಅದೇ.

ಐದು ತಿಂಗಳಾದ ಮೇಲೆ ಬೆಂಗಳೂರಿನಲ್ಲಿ ನೋವಿನ ಚಿಕಿತ್ಸೆಯನ್ನೇ ಮಾಡುವ ವೈದ್ಯೆಯೊಬ್ಬರ ಬಳಿ ಹೋದೆವು. ನಾನು ಎಕ್ಸ್‌ರೇ ಲಕೋಟೆಗಳ ಕಟ್ಟು ಮುಂದಿಟ್ಟೆ. ಅವರು ಅದನ್ನು ಪಕ್ಕಕ್ಕೆ ಸರಿಸಿ, "ಅಮ್ಮಾ, ನಿಮ್ಮ ಎರಡೂ ಕೈ ಮೇಜಿನ ಮೇಲಿಡಿ" ಅಂದರು. ಒಂದರ ಪಕ್ಕ ಒಂದು ಇಟ್ಟಾಗ ಅದು ಯಾವ ಕುರುಡನಿಗೂ ಕಾಣುವಂತಿತ್ತು. ಒಂದು ಕೈ ಬಾಡಿದ ಗೋಧಿ ಬಣ್ಣ, ಇನ್ನೊಂದು ನೇರಳೆ. ಎಡಗೈಯ ಉಗುರುಗಳಲ್ಲಿ ಗೀರು ಮೂಡಿದ್ದವು, ಬೆರಳು ಮಡಿಸಿದರೆ ಅರ್ಧಕ್ಕೆ ನಿಲ್ಲುತ್ತಿತ್ತು. ವೈದ್ಯೆ ತಮ್ಮ ಬೆರಳ ಹಿಂಬದಿಯಿಂದ ಎರಡರ ಬಿಸಿಯನ್ನೂ ನೋಡಿದರು. ಹತ್ತಿಯ ಎಳೆಯೊಂದನ್ನು ಬಲಗೈ ಮೇಲೆ ಎಳೆದರು, ಅಮ್ಮ ಸುಮ್ಮನಿದ್ದಳು. ಎಡಗೈ ಮೇಲೆ ಎಳೆದರು, ಕುರ್ಚಿಯಿಂದ ಎದ್ದೇಬಿಟ್ಟಳು. ಹತ್ತು ನಿಮಿಷವೂ ಆಗಿರಲಿಲ್ಲ. "ಇದಕ್ಕೆ ಸಿಆರ್‌ಪಿಎಸ್ ಅಂತಾರೆ, ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್. ನಿಮ್ಮ ನೋವು ನಿಜ" ಅಂದರು. ಅಮ್ಮ ನನ್ನ ಕಡೆ ತಿರುಗಿ ಕೇಳಿದಳು: "ಹಾಗಾದ್ರೆ ನಂದು ನಾಟಕ ಅಲ್ವಲ್ಲ?"

ಈ ಕಾಯಿಲೆ ನಿನ್ನೆ ಮೊನ್ನೆಯದಲ್ಲ, ಡಾಕ್ಟ್ರೇ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡು ತಗಲಿ ನರಕ್ಕೆ ಪೆಟ್ಟಾದ ಸೈನಿಕರನ್ನು ಫಿಲಡೆಲ್ಫಿಯಾದಲ್ಲಿ ನೋಡಿಕೊಳ್ಳುತ್ತಿದ್ದ ಸೈಲಸ್ ವಿಯರ್ ಮಿಚೆಲ್ ಎಂಬ ವೈದ್ಯ ತನ್ನ ಇಬ್ಬರು ಜೊತೆಗಾರರೊಂದಿಗೆ 1864ರಲ್ಲೇ ಇಂಥ ಉರಿನೋವನ್ನು ಬರೆದಿಟ್ಟಿದ್ದಾನೆ. ಆ ಸೈನಿಕರು ಕೈಗೆ ಸದಾ ಒದ್ದೆ ಬಟ್ಟೆ ಸುತ್ತಿಕೊಂಡಿರುತ್ತಿದ್ದರಂತೆ, ಬೂಟಿನೊಳಗೆ ನೀರು ಸುರಿದುಕೊಳ್ಳುತ್ತಿದ್ದರಂತೆ. 1900ರಲ್ಲಿ ಜರ್ಮನಿಯ ಪೌಲ್ ಸುಡೆಕ್ ಎಂಬ ಶಸ್ತ್ರವೈದ್ಯ ಇಂಥ ಕೈಕಾಲುಗಳ ಮೂಳೆ ಬೇಗ ಬೇಗ ಟೊಳ್ಳಾಗುವುದನ್ನು ಎಕ್ಸ್‌ರೇಯಲ್ಲಿ ತೋರಿಸಿದ. ನಿಮ್ಮ ಪಠ್ಯಪುಸ್ತಕದಲ್ಲಿ ಸುಡೆಕ್ ಹೆಸರು ಇದ್ದೇ ಇರುತ್ತದೆ. ಬಳಿಕ ಅದರ ಹೆಸರು ಆರ್‌ಎಸ್‌ಡಿ, ಅಂದರೆ ರಿಫ್ಲೆಕ್ಸ್ ಸಿಂಪಥೆಟಿಕ್ ಡಿಸ್ಟ್ರೋಫಿ, ಎಂದಾಯಿತು. 1994ರಲ್ಲಿ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ಈಗಿನ ಹೆಸರಿಟ್ಟು ಎರಡು ಬಗೆ ಮಾಡಿತು. ನರಕ್ಕೆ ಪೆಟ್ಟಾದ ಗುರುತು ಇಲ್ಲದಿದ್ದರೆ ಒಂದನೆಯದು, ಇದ್ದರೆ ಎರಡನೆಯದು. ಅಮ್ಮನದು ಒಂದನೆಯದು.

ಇದನ್ನು ಗುರುತಿಸಲು ಯಾವ ಒಂದು ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಎಕ್ಸ್‌ರೇ ಪೂರ್ತಿ ನೆಟ್ಟಗಿದ್ದೂ ಕಾಯಿಲೆ ಇರಬಹುದು. ಬುಡಾಪೆಸ್ಟ್‌ನಲ್ಲಿ ತಜ್ಞರು ಕೂಡಿ ರೂಪಿಸಿದ ಲಕ್ಷಣಗಳ ಪಟ್ಟಿಯೊಂದಿದೆ. ಅದಕ್ಕೆ ಯಂತ್ರ ಬೇಡ. ಕಣ್ಣು, ಕಿವಿ, ಬೆರಳು ಸಾಕು. ಆದ ಪೆಟ್ಟನ್ನು ಮೀರಿದ ನೋವು ನಿಲ್ಲದೆ ಇರಬೇಕು. ಆಮೇಲೆ ನಾಲ್ಕು ಗುಂಪು: ಮುಟ್ಟಿದರೆ ಆಗುವ ಅತಿಯಾದ ನೋವು; ಬಣ್ಣ ಮತ್ತು ಬಿಸಿಯಲ್ಲಿ ಎರಡು ಕೈಗಳ ನಡುವಿನ ವ್ಯತ್ಯಾಸ; ಊತ ಮತ್ತು ಬೆವರು; ಚಲನೆ, ಉಗುರು, ಕೂದಲು, ಚರ್ಮದಲ್ಲಾದ ಬದಲಾವಣೆ. ಮೂರು ಗುಂಪಿನಿಂದಾದರೂ ಒಂದೊಂದು ತೊಂದರೆಯನ್ನು ರೋಗಿ ಹೇಳಿರಬೇಕು, ಎರಡು ಗುಂಪಿನಿಂದಾದರೂ ಒಂದೊಂದು ವೈದ್ಯರ ಕಣ್ಣಿಗೆ ಬಿದ್ದಿರಬೇಕು. ಸೋಂಕು, ರಕ್ತನಾಳದ ತಡೆಯಂಥ ಬೇರೆ ಯಾವುದೂ ಇದನ್ನು ಇನ್ನೂ ಚೆನ್ನಾಗಿ ವಿವರಿಸುವಂತಿರಬಾರದು. ಅಮ್ಮನಲ್ಲಿ ನಾಲ್ಕಕ್ಕೆ ನಾಲ್ಕೂ ಇದ್ದವು. ಎರಡು ಗೇಣು ದೂರದಲ್ಲಿ ಕೂತಿದ್ದ ನಿಮಗೂ ಅವೆಲ್ಲ ಸಿಗುತ್ತಿದ್ದವು.

ಯಾಕೆ ಹೀಗಾಗುತ್ತದೆ ಎಂದು ಆ ವೈದ್ಯೆ ತಾಳ್ಮೆಯಿಂದ ತಿಳಿಸಿದರು. ಪೆಟ್ಟಾದ ಕಡೆ ನರದ ತುದಿಗಳೇ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತವೆ, ಗಾಯ ಮಾಗಿದ ಮೇಲೂ ಅದು ನಿಲ್ಲುವುದಿಲ್ಲ. ರಕ್ತನಾಳ, ಬೆವರುಗಳನ್ನು ನಡೆಸುವ ನರವ್ಯವಸ್ಥೆ ಹಳಿ ತಪ್ಪುತ್ತದೆ. ಬೆನ್ನುಹುರಿ ಸಣ್ಣ ಸ್ಪರ್ಶವನ್ನೂ ನೋವೆಂದು ಮೇಲಕ್ಕೆ ಕಳಿಸುತ್ತದೆ. ಕೊನೆಗೆ ಮಿದುಳಿನಲ್ಲಿರುವ ಆ ಕೈಯ ನಕ್ಷೆಯೇ ಕದಡುತ್ತದೆ. ಈ ಕಡೆಯ ಮಾತು ಕೇಳಿ ನನಗೆ ಜುಮ್ಮೆಂದಿತು. ಕೆಲವು ವಾರಗಳಿಂದ ಅಮ್ಮ "ನನ್ನ ಕೈ" ಅನ್ನುವುದನ್ನೇ ಬಿಟ್ಟಿದ್ದಳು. "ಇದನ್ನ ಸ್ವಲ್ಪ ಎತ್ತಿಡು", "ಇದು ಇವತ್ತು ಭಾರ" ಅನ್ನುತ್ತಿದ್ದಳು, ಮನೆಗೆ ಬಂದ ಬೇರೆ ಯಾರದೋ ವಸ್ತುವಿನ ಹಾಗೆ. ನಾವು ಅದನ್ನು ಅವಳ ಸಿಡುಕು ಅಂದುಕೊಂಡಿದ್ದೆವು. ಈ ಕಾಯಿಲೆಯವರಲ್ಲಿ ಅದೂ ಒಂದು ಲಕ್ಷಣವಂತೆ.

ಚಿಕಿತ್ಸೆಯಲ್ಲಿ ದೊಡ್ಡ ಪಾಲು ಮಾತ್ರೆಯದಲ್ಲ, ಫಿಸಿಯೋಥೆರಪಿಯದು. ಮಾತ್ರೆಗಳೂ ಇದ್ದವು. ನರದ ನೋವಿಗೆ ಗ್ಯಾಬಪೆಂಟಿನ್, ರಾತ್ರಿಗೆ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್. ಮೆಡಿಕಲ್ ಶಾಪಿನ ಹುಡುಗ "ಇದು ಡಿಪ್ರೆಶನ್ ಮಾತ್ರೆ ಅಲ್ವಾ ಅಕ್ಕ" ಅಂದಾಗ ಅಮ್ಮನ ಮುಖ ಮತ್ತೆ ಇಳಿದುಹೋಯಿತು. ಸಣ್ಣ ಡೋಸಿನಲ್ಲಿ ಅದು ನರದ ನೋವಿಗೂ ಕೆಲಸ ಮಾಡುತ್ತದೆ ಎಂದು ವೈದ್ಯೆ ಫೋನಿನಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಕೆಲವರಿಗೆ ಶುರುವಿನಲ್ಲಿ ಕೆಲವು ದಿನ ಸ್ಟಿರಾಯ್ಡ್ ಕೊಡುತ್ತಾರೆ, ಕೆಲವರಿಗೆ ಮೂಳೆ ಸವೆತದ ಬಿಸ್ಫಾಸ್ಫೊನೇಟ್ ಔಷಧಿ. ನೋವು ಕೈ ಮುಟ್ಟಲೂ ಬಿಡದಿದ್ದರೆ ಕುತ್ತಿಗೆಯ ಬುಡದ ನರಗಂಟಿಗೆ ಇಂಜೆಕ್ಷನ್ ಕೊಟ್ಟು, ಆ ಬಿಡುವಿನಲ್ಲಿ ವ್ಯಾಯಾಮ ಮಾಡಿಸುವುದುಂಟು. ಯಾವುದಕ್ಕೂ ಜಗ್ಗದ ಕೆಲವರಿಗೆ ಬೆನ್ನುಹುರಿಯ ಬಳಿ ಲಕ್ಷಗಟ್ಟಲೆ ಬೆಲೆಯ ಸಣ್ಣ ವಿದ್ಯುತ್ ಯಂತ್ರ ಕೂರಿಸುತ್ತಾರೆ. ನಾವು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ನಮ್ಮ ಮನೆಯ ಚಿಕಿತ್ಸೆ ಕೈಗಳ ಚಿತ್ರಗಳಿಂದ ಶುರುವಾಯಿತು. ನನ್ನ ಮಗ ಐವತ್ತು ಕೈಗಳ ಫೋಟೋ ಪ್ರಿಂಟ್ ಮಾಡಿ ತಂದ. ಮಡಿಸಿದವು, ತಿರುಚಿದವು, ಬಗೆಬಗೆಯವು. ಇದು ಎಡವೋ ಬಲವೋ ಹೇಳಬೇಕು. ಬಲಗೈ ಬಂದರೆ ಅಮ್ಮ ತಟ್ಟನೆ ಹೇಳುತ್ತಿದ್ದಳು. ಎಡಗೈ ಬಂದರೆ ತಡೆಯುತ್ತಿದ್ದಳು, ತಪ್ಪುತ್ತಿದ್ದಳು. ಅದು ಸರಿಹೋದ ಮೇಲೆ ಕೈ ಆಡಿಸದೆ, ಆಡಿಸಿದ ಹಾಗೆ ಮನಸ್ಸಿನಲ್ಲೇ ನೆನೆಯುವುದು. ಕೊನೆಗೆ ಕನ್ನಡಿ. ಎಡಗೈಯನ್ನು ಕನ್ನಡಿಯ ಹಿಂದೆ ಬಚ್ಚಿಟ್ಟು ಬಲಗೈ ಆಡಿಸಿದರೆ, ಕಾಣುವುದು ಎಡಗೈಯೇ ನೋವಿಲ್ಲದೆ ಆಡಿದಂತೆ. ಕತ್ತರಿಸಿಹೋದ ಕೈಯಲ್ಲಿ ನೋವು ಕಾಣುವವರಿಗೆ ಈ ಉಪಾಯವನ್ನು ಮೊದಲು ಮಾಡಿದವರು ಚೆನ್ನೈನಲ್ಲಿ ವೈದ್ಯಕೀಯ ಓದಿದ ವಿ.ಎಸ್. ರಾಮಚಂದ್ರನ್. ಚಿತ್ರ, ಕಲ್ಪನೆ, ಕನ್ನಡಿ ಈ ಮೂರನ್ನೂ ಇದೇ ಕ್ರಮದಲ್ಲಿ ಸಿಆರ್‌ಪಿಎಸ್‌ಗೆ ಹೊಂದಿಸಿದವರು ಆಸ್ಟ್ರೇಲಿಯಾದ ಲೊರಿಮರ್ ಮೋಸ್ಲಿ. ಅಮ್ಮ ಬಲಗೈಯಲ್ಲಿ ಹೂ ಕಟ್ಟುವಂತೆ ಬೆರಳಾಡಿಸುತ್ತ ಕನ್ನಡಿಯನ್ನೇ ನೋಡುತ್ತ ಕೂತಿರುತ್ತಿದ್ದಳು, ದಿನಕ್ಕೆ ನಾಲ್ಕಾರು ಸಲ, ಐದೈದು ನಿಮಿಷ. ಜೊತೆಗೆ ಚರ್ಮಕ್ಕೆ ಸ್ಪರ್ಶ ಕಲಿಸುವ ಕೆಲಸ. ಮೊದಲು ಹತ್ತಿ, ಆಮೇಲೆ ರೇಷ್ಮೆ, ಆಮೇಲೆ ಟವೆಲ್. ಎರಡು ತಿಂಗಳಿಗೆ ರಾಗಿ ತುಂಬಿದ ಬೋಗುಣಿಯಲ್ಲಿ ಬೆರಳು ಆಡಿಸುವವರೆಗೆ ಬಂದಳು.

ಇದೆಲ್ಲ ಐದು ತಿಂಗಳು ಮುಂಚೆ ಶುರುವಾಗಬಹುದಿತ್ತು. ಬಹಳಷ್ಟು ಜನರಲ್ಲಿ ಕಾಯಿಲೆ ಮೊದಲ ವರ್ಷದಲ್ಲಿ ಇಳಿಯುತ್ತದೆ, ಬೇಗ ಗುರುತಿಸಿದರೆ ಇನ್ನೂ ಒಳ್ಳೆಯದು. ತಡವಾದಷ್ಟೂ ಕೀಲು ಬಿಗಿಯುತ್ತದೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ.

ಇನ್ನೊಂದು ವಿಷಯ, ಇದು ಪ್ಲಾಸ್ಟರ್ ಹಾಕುವ ಕೋಣೆಗೇ ಸೇರಿದ್ದು. ಮೋಸ್ಲಿ ಮತ್ತು ಜೊತೆಗಾರರು ಮಣಿಕಟ್ಟು ಮುರಿದ 1,549 ಜನರನ್ನು ಹಿಂಬಾಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಶೇ. 3.8 ಮಂದಿಗೆ ಸಿಆರ್‌ಪಿಎಸ್ ಬಂದಿತ್ತು. ಅಂದರೆ ನೂರಕ್ಕೆ ಸುಮಾರು ನಾಲ್ಕು ಜನ. ಮುರಿದ ಮೊದಲ ವಾರದಲ್ಲೇ ನೋವಿಗೆ ಹತ್ತಕ್ಕೆ ಐದು ಅಥವಾ ಹೆಚ್ಚು ಅಂಕ ಕೊಟ್ಟವರನ್ನು ಎಚ್ಚರದಿಂದ ನೋಡಬೇಕು ಎಂದು ಅವರು ಹೇಳಿದ್ದಾರೆ. ಪ್ಲಾಸ್ಟರಿನ ಮೂರನೇ ದಿನ ಅಮ್ಮ "ಒಳಗೆ ತುಂಬಾ ಬಿಗೀತಿದೆ, ತಡೆಯೋಕಾಗ್ತಿಲ್ಲ" ಅಂದಿದ್ದಳು. ಕಾಂಪೌಂಡರ್ ಒಂದು ನೋವಿನ ಮಾತ್ರೆ ಕೊಟ್ಟು ಕಳಿಸಿದ್ದ. ಹತ್ತಕ್ಕೆ ಎಷ್ಟು ಎಂದು ಕೇಳುವುದಕ್ಕೆ ಅರ್ಧ ನಿಮಿಷ ಬೇಕಾಗುತ್ತಿತ್ತು.

ಅಮ್ಮ ಈಗ ಎಡಗೈಯಲ್ಲಿ ಲೋಟ ಹಿಡಿಯುತ್ತಾಳೆ. ಬೆರಳುಗಳನ್ನು ಪೂರ್ತಿ ಮಡಿಸಲಾಗುವುದಿಲ್ಲ, ಚಳಿಗಾಲದ ಬೆಳಿಗ್ಗೆ ಉರಿ ಒಮ್ಮೊಮ್ಮೆ ಮರಳುತ್ತದೆ. ಹೋದ ಯುಗಾದಿಗೆ ಆ ಕೈಗೆ ಬಳೆ ತೊಡಿಸಿಕೊಂಡಳು, ಒಂದು ವರ್ಷದ ಮೇಲೆ, ಎರಡೇ ಎರಡು. ಬಳೆಗಾರ್ತಿಗೆ "ನನ್ನ ಈ ಕೈಗೆ ಮೆತ್ತಗೆ ಏರಿಸಮ್ಮ" ಅಂದಳು.

ನಿಮ್ಮ ಮೇಲೆ ಕೇಸು ಹಾಕುವ ಯೋಚನೆ ನಮಗಿಲ್ಲ. ನೂರು ಜನ ಕಾಯುತ್ತಿರುವಾಗ ಒಬ್ಬರಿಗೆ ಮೂರು ನಿಮಿಷ ಸಿಗುವುದೂ ಕಷ್ಟ ಎಂದು ನನಗೆ ಗೊತ್ತು. ನಾಳೆ ನಿಮ್ಮ ಮುಂದೆ ಇನ್ನೊಬ್ಬ ಹೆಂಗಸು ಸೆರಗಿನಿಂದ ಕೈ ದೂರ ಇಟ್ಟುಕೊಂಡು ಕೂರುತ್ತಾಳೆ. ಎಕ್ಸ್‌ರೇ ಸರಿ ಇರುತ್ತದೆ. ಆ ಮೂರು ನಿಮಿಷದಲ್ಲಿ ಒಂದು ನಿಮಿಷ ಅವಳ ಎರಡೂ ಕೈಗಳನ್ನು ಮೇಜಿನ ಮೇಲೆ ಇಡಿಸಿ, ದಯವಿಟ್ಟು ನೋಡಿ. ಏನೆಂದು ತಿಳಿಯದಿದ್ದರೆ ನೋವಿನ ತಜ್ಞರಿಗೆ ಒಂದು ಚೀಟಿ ಬರೆದುಕೊಡಿ. "ನಾರ್ಮಲ್" ಎಂದು ಮಾತ್ರ ಹೇಳಿ ಕಳಿಸಬೇಡಿ.

ಇತಿ,
ನಿಮ್ಮ ಹಳೆಯ ರೋಗಿಯೊಬ್ಬರ ಮಗಳು