ಮಣ್ಣಿನ ಮಗನಿಗೆ 366 ದಿನ

ಮಣ್ಣಿನ ಮಗನಾಗಲು ಎಷ್ಟು ಕಾಲ ಬೇಕು ಎಂಬ ಜಗಳ ನಮ್ಮಲ್ಲಿನ್ನೂ ಮುಗಿದಿಲ್ಲ. ಮೂರು ತಲೆಮಾರು ಎನ್ನುವವರಿದ್ದಾರೆ, ಮುನ್ನೂರು ವರ್ಷ ಎನ್ನುವವರಿದ್ದಾರೆ, ಅಷ್ಟಾದರೂ ನಿಮ್ಮನ್ನು ಒಪ್ಪುವುದಿಲ್ಲ ಎನ್ನುವವರೂ ಇದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ಈ ರಗಳೆಗೆ ಆಸ್ಪದವನ್ನೇ ಕೊಟ್ಟಿಲ್ಲ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಮಣ್ಣಿನ ಮಗನಾಗಲು 366 ದಿನ ಸಾಕು. ಹಿಂದಿನ ರಾತ್ರಿ ಮಲಗುವಾಗ ಪರದೇಶಿ, ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಭೂಮಿಪುತ್ರ.

ದೇಹ ಅಲ್ಲಿದ್ದರೆ ಮಾತ್ರ ಸಾಲದು, ಮನಸ್ಸೂ ಅಲ್ಲಿರಬೇಕು. ಇಲ್ಲೇ ನೆಲೆಸುವ ಸಂಕಲ್ಪವಿದೆ ಎಂದು ತೋರಿಸಬೇಕು. ನಮ್ಮಲ್ಲಿ ಸಂಕಲ್ಪವನ್ನು ಆಚಮನ ಮಾಡಿ ಹೇಳುತ್ತಾರೆ, ಅಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸಿ ಹೇಳುತ್ತಾರೆ. ಅದರ ಜೊತೆಗೆ ಕಾರಿನ ನೋಂದಣಿ, ರಾಜ್ಯಕ್ಕೆ ತೆರಿಗೆ ಕಟ್ಟಿದ ಕಾಗದ, ಹಳೆಯ ರಾಜ್ಯದ ನಂಟು ಕಡಿದುಕೊಂಡ ಪುರಾವೆ. ಅಲ್ಲಿನ ನದಿಗಳ ಹೆಸರು ಗೊತ್ತೇ, ಪಕ್ಕದ ಮನೆಯವರ ಮುಖ ನೋಡಿದ್ದೀಯಾ ಎಂದು ಯಾರೂ ಕೇಳುವುದಿಲ್ಲ. ಕಾಗದ ಸರಿಯಿದ್ದರೆ ಪ್ರೀತಿ ಸರಿಯಿದೆ.

ಇದರಲ್ಲಿ ನನಗೆ ಅತ್ಯಂತ ಪ್ರಿಯವಾದ ಷರತ್ತು ಇನ್ನೊಂದು. ಓದುವುದಕ್ಕಾಗಿ ಮಾತ್ರವೇ ರಾಜ್ಯಕ್ಕೆ ಬಂದವನನ್ನು ರಾಜ್ಯದವನೆಂದು ಪರಿಗಣಿಸುವುದಿಲ್ಲ. ಅಂದರೆ ಹುಡುಗ ಪ್ರವೇಶದ ಅರ್ಜಿಯಲ್ಲಿ ಓದುವುದೇ ನನ್ನ ಬಾಳಿನ ಗುರಿ ಎಂದು ಬರೆಯಬೇಕು, ಶುಲ್ಕದ ಅರ್ಜಿಯಲ್ಲಿ ನಾನು ಓದಲು ಬಂದವನೇ ಅಲ್ಲ ಎಂದು ಬರೆಯಬೇಕು. ಎರಡಕ್ಕೂ ಸಹಿ ಒಂದೇ.

ಈ ಸಹಿಯ ಬೆಲೆ ಕಡಿಮೆಯದಲ್ಲ. 2025-26ರ ಲೆಕ್ಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪದವಿಗೆ ಸೇರುವ ರಾಜ್ಯದ ವಿದ್ಯಾರ್ಥಿ ವರ್ಷಕ್ಕೆ ಸುಮಾರು 15,000 ಡಾಲರ್ ಕಟ್ಟುತ್ತಾನೆ. ಹೊರಗಿನವನು ಅದನ್ನೂ ಕಟ್ಟಿ, ಅದರ ಮೇಲೆ ಹೊರಗಿನವನಾಗಿದ್ದಕ್ಕೆ ಇನ್ನೂ 37,602 ಡಾಲರ್ ಕಟ್ಟುತ್ತಾನೆ. ಊಟ, ವಸತಿ ಬೇರೆ. ಒಂದು ಒಳ್ಳೆಯ ಮಾತೆಂದರೆ ಇಲ್ಲಿ ಭೇದಭಾವವಿಲ್ಲ. ಪಕ್ಕದ ಅರಿಜೋನಾದವನೂ ಹೊರಗಿನವನೇ, ಶಾಂಘೈಯವನೂ ಹೊರಗಿನವನೇ, ಅರಸೀಕೆರೆಯವನೂ ಹೊರಗಿನವನೇ. ಎಲ್ಲರಿಗೂ ಒಂದೇ ದರ. ವಿಶ್ವಮಾನವ ತತ್ವ ಇಷ್ಟು ಚೊಕ್ಕವಾಗಿ ಜಾರಿಯಾದ ಜಾಗ ಇನ್ನೊಂದಿಲ್ಲ.

ನಮ್ಮ ಭಾವ ಕುಪರ್ಟಿನೊದಲ್ಲಿದ್ದಾರೆ. ಮೂಲ ತಿಪಟೂರು. ತೊಂಬತ್ತರ ದಶಕದ ಕೊನೆಯಲ್ಲಿ ಎಂ.ಎಸ್. ಮಾಡಲು ಬೇರೊಂದು ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋದಾಗ ಹೊರಗಿನವರ ಶುಲ್ಕವನ್ನೇ ಕಟ್ಟಿದವರು. ಒಂದೊಂದು ಡಾಲರನ್ನೂ ರೂಪಾಯಿಗೆ ಗುಣಿಸಿ ಊರಿಗೆ ಕಾಗದ ಬರೆಯುತ್ತಿದ್ದರು. ಒಂದೇ ಬೆಂಚಿನಲ್ಲಿ ಕೂತು ಒಂದೇ ಪಾಠ ಕೇಳುತ್ತೇವೆ, ಪಕ್ಕದವನಿಗೊಂದು ರೇಟು ನನಗೊಂದು ರೇಟು, ಈ ದೇಶದಲ್ಲಿ ನ್ಯಾಯವೇ ಇಲ್ಲ ಎಂದು. ಈಗ ಅವರ ಮಗ ಅಪ್ಪಿ ಹನ್ನೆರಡನೆಯ ತರಗತಿ. ಮೊನ್ನೆ ಫೋನು ಮಾಡಿದ್ದರು.

"ಹೊರಗಿನೋರು ಬಂದು ನಮ್ಮ ಮಕ್ಕಳ ಸೀಟು ತಿಂತಿದಾರೆ ಕಣೋ. ತೆರಿಗೆ ಕಟ್ಟೋರು ನಾವು, ಓದೋರು ಅವರು!"

ಭಾವ ರಾಜಾಜಿನಗರದಿಂದ ಮಾತಾಡುತ್ತಿದ್ದಾರೇನೋ ಅನ್ನಿಸಿತು ನನಗೆ. "ಹೊರಗಿನೋರು ಅಂದ್ರೆ ಯಾರು ಭಾವ?"

"ನ್ಯೂ ಜೆರ್ಸಿಯೋರು, ಚೈನಾದೋರು. ಈಗೀಗ ಇಂಡಿಯಾದಿಂದ್ಲೂ ನೇರವಾಗಿ ಬಂದ್ಬಿಡ್ತಾರೆ."

ಆ ಕೊನೆಯ ವಾಕ್ಯದಲ್ಲಿದ್ದ ಬೇಸರ ಅಪ್ಪಟ ಕ್ಯಾಲಿಫೋರ್ನಿಯಾದ್ದು. 366 ದಿನಗಳ ವ್ಯವಸ್ಥೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಭಾವನ ಸಿಟ್ಟಿಗೊಂದು ಚರಿತ್ರೆಯೂ ಇದೆ. 1960ರಲ್ಲಿ ಕ್ಲಾರ್ಕ್ ಕೆರ್ ಎಂಬ ವಿದ್ವಾಂಸರ ಮುಂದಾಳತ್ವದಲ್ಲಿ ಕ್ಯಾಲಿಫೋರ್ನಿಯಾ ಒಂದು ಮಾಸ್ಟರ್ ಪ್ಲಾನ್ ಮಾಡಿತು. ಶಾಲೆ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಈ ವಿಶ್ವವಿದ್ಯಾಲಯ, ಉಳಿದವರಿಗೆ ಬೇರೆ ಸರ್ಕಾರಿ ಕಾಲೇಜುಗಳು, ಮತ್ತು ರಾಜ್ಯದ ಮಕ್ಕಳಿಗೆ ಬೋಧನಾ ಶುಲ್ಕವಿಲ್ಲ. ಖರ್ಚು ತೆರಿಗೆದಾರನದು. ಇಂಥ ಯೋಜನೆ ಮಾಡಿದವರಿಗೆ ಮುಂದಿನ ಜನ ಎಷ್ಟು ಬುದ್ಧಿವಂತರಾಗಿರುತ್ತಾರೆ ಎಂಬ ಅಂದಾಜಿರಲಿಲ್ಲ. ಪುಕ್ಕಟೆ ಓದಿ ಮೇಲೆ ಬಂದವರು, ಬಂದ ಮೇಲೆ ತೆರಿಗೆ ಜಾಸ್ತಿಯಾಯಿತು ಎಂದರು. ಶುಲ್ಕ ಮೆಲ್ಲಗೆ ಒಳಗೆ ಬಂತು, ಮೆಲ್ಲಗೆ ಬೆಳೆಯಿತು. 2008ರ ಆರ್ಥಿಕ ಕುಸಿತ ಬಂದಾಗ ಸರ್ಕಾರ ವಿಶ್ವವಿದ್ಯಾಲಯದ ಅನುದಾನಕ್ಕೆ ಕತ್ತರಿ ಹಾಕಿತು. ಸರ್ಕಾರಿ ಸಂಸ್ಥೆ ನಡೆಸಲು ಸರ್ಕಾರದ ದುಡ್ಡೇ ಬೇಕೆಂದೇನಿಲ್ಲ ಎಂಬ ಸತ್ಯ ಆಗ ಎಲ್ಲರಿಗೂ ಹೊಳೆಯಿತು.

ದುಡ್ಡು ಎಲ್ಲಿತ್ತು? ಹೊರಗಿನವನ ಜೇಬಿನಲ್ಲಿತ್ತು. ಹೊರಗಿನವನು ತರುವ ಹೆಚ್ಚುವರಿ ಶುಲ್ಕವನ್ನು ಆಯಾ ಕ್ಯಾಂಪಸ್ಸೇ ಇಟ್ಟುಕೊಳ್ಳಬಹುದು ಎಂದು ವ್ಯವಸ್ಥೆಯಾಯಿತು. ಆಮೇಲೆ ಹೊರಗಿನವರ ಪ್ರತಿಭೆ ಕ್ಯಾಂಪಸ್ಸುಗಳ ಕಣ್ಣಿಗೆ ಬೀಳತೊಡಗಿತು. ಮೊದಲು ಹೊರಗಿನವನು ಸೀಟು ಪಡೆಯಬೇಕಾದರೆ ಅರ್ಹ ರಾಜ್ಯದವರಲ್ಲಿ ಮೇಲಿನ ಅರ್ಧಕ್ಕೆ ಸರಿಸಮನಾಗಿರಬೇಕಿತ್ತು. 2011ರಲ್ಲಿ ಆ ನಿಯಮ ಸಡಿಲಾಯಿತು. ರಾಜ್ಯದವರ ಜೊತೆ ಹೋಲಿಸಿದರೆ ಪರವಾಗಿಲ್ಲ ಅನ್ನುವಂತಿದ್ದರೆ ಆಯಿತು. ಇಷ್ಟೊಂದು ಡಾಲರ್ ಹೆಚ್ಚಿಗೆ ತರುವವನು ಯಾವ ಕೋನದಿಂದ ನೋಡಿದರೂ ಪರವಾಗಿಲ್ಲ ಅನ್ನುವಂತೆಯೇ ಕಾಣುತ್ತಾನೆ.

2016ರ ಮಾರ್ಚಿನಲ್ಲಿ ರಾಜ್ಯದ ಲೆಕ್ಕ ಪರಿಶೋಧಕರು ವರದಿ ಕೊಟ್ಟರು. 2010-11ರಿಂದ 2014-15ರ ನಡುವೆ ಹೊರಗಿನ ವಿದ್ಯಾರ್ಥಿಗಳು 18,000 ಹೆಚ್ಚಿದ್ದರು, ರಾಜ್ಯದವರು 2,200 ಇಳಿದಿದ್ದರು. ಮೂರು ವರ್ಷಗಳಲ್ಲಿ ಪ್ರವೇಶ ಸಿಕ್ಕ ಹೊರಗಿನವರಲ್ಲಿ ಸುಮಾರು 16,000 ಮಂದಿಯ ಅಂಕಗಳು, ಅದೇ ಕ್ಯಾಂಪಸ್ಸಿನಲ್ಲಿ ಪ್ರವೇಶ ಪಡೆದ ರಾಜ್ಯದವರ ನಡುಮಟ್ಟಕ್ಕಿಂತ ಎಲ್ಲ ಅಳತೆಯಲ್ಲೂ ಕೆಳಗಿದ್ದವು. ವಿಶ್ವವಿದ್ಯಾಲಯ ಸುಮ್ಮನಿರಲಿಲ್ಲ, ತಾನೂ ಒಂದು ಪ್ರತಿವರದಿ ಅಚ್ಚು ಹಾಕಿಸಿತು. ಹೊರಗಿನವರ ದುಡ್ಡು ಇಲ್ಲದಿದ್ದರೆ ನಿಮ್ಮ ಮಕ್ಕಳಿಗೆ ಪಾಠ ಹೇಳುವವರಿಗೆ ಸಂಬಳ ಕೊಡುವವರು ಯಾರು ಎಂಬುದು ಅದರ ಸಾರ. ನನ್ನ ಮಟ್ಟಿಗೆ ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಹೊರಗಿನವನು ಸೀಟು ಕಸಿದವನೂ ಹೌದು, ಉಳಿದ ಸೀಟುಗಳಿಗೆ ದುಡ್ಡು ಕೊಟ್ಟವನೂ ಹೌದು. ಬೈಸಿಕೊಳ್ಳುವುದಕ್ಕೂ ಶುಲ್ಕ ಕಟ್ಟುವ ಭಾಗ್ಯ ಬೇರೆ ಯಾವ ಗ್ರಾಹಕನಿಗೆ ಸಿಕ್ಕೀತು?

ಗಲಾಟೆ ಜೋರಾದ ಮೇಲೆ 2017ರಲ್ಲಿ ಮಿತಿ ಬಂತು. ನೂರಕ್ಕೆ ಹದಿನೆಂಟಕ್ಕಿಂತ ಹೆಚ್ಚು ಹೊರಗಿನವರು ಬೇಡ. ಈ ಹದಿನೆಂಟಕ್ಕೆ ಅಮೆರಿಕದಲ್ಲಿ ಅದೇನು ಮಹಿಮೆಯೋ, ನಾರ್ತ್ ಕ್ಯಾರೊಲಿನಾ 1986ರಲ್ಲೇ ತನ್ನ ಮೊದಲ ವರ್ಷದ ಪ್ರವೇಶಕ್ಕೆ ಇದೇ ಸಂಖ್ಯೆ ಹಿಡಿದಿತ್ತು. ನಮ್ಮಲ್ಲಿ ಪುರಾಣ ಹದಿನೆಂಟು, ಪರ್ವ ಹದಿನೆಂಟು. ಅಲ್ಲಿ ಪರದೇಶಿ ಹದಿನೆಂಟು. ಆದರೆ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಆಗಲೇ ನೂರಕ್ಕೆ 24 ದಾಟಿತ್ತು. ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ, ಅರ್ವೈನ್ ಕೂಡ ಗೆರೆಯ ಆಚೆಗಿದ್ದವು. ಅವುಗಳಿಗೆ ಏನು ಶಿಕ್ಷೆ? ಮಿತಿ ಮೀರಿದವರಿಗೆ ಮೀರಿದಷ್ಟೇ ಮಿತಿ ಎಂದು ತೀರ್ಮಾನವಾಯಿತು. ನಮ್ಮ ಅಕ್ರಮ-ಸಕ್ರಮದ ಕಡತವನ್ನು ಯಾರೋ ಪುಣ್ಯಾತ್ಮರು ಅಲ್ಲಿಗೆ ಕಳಿಸಿಕೊಟ್ಟಿರಬೇಕು.

ಶಾಸಕರಿಗೆ ಇದು ಸಾಲಲಿಲ್ಲ. 2021ರಲ್ಲಿ, ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಮೂರೂ ಐದು ವರ್ಷದಲ್ಲಿ ಹದಿನೆಂಟಕ್ಕೆ ಇಳಿಯಬೇಕು, ವರ್ಷಕ್ಕೆ 900 ಸೀಟು ಹೊರಗಿನವರಿಂದ ರಾಜ್ಯದವರಿಗೆ ಹೋಗಬೇಕು ಎಂದರು. ಆಗಲಿ, ನಮಗೆ ಆಗುವ ನಷ್ಟ? ಎಂದಿತು ವಿಶ್ವವಿದ್ಯಾಲಯ. ಸರ್ಕಾರ ವರ್ಷಕ್ಕೆ ಸುಮಾರು 3.1 ಕೋಟಿ ಡಾಲರ್ ಕೊಡುವುದೆಂದು ಒಪ್ಪಂದವಾಯಿತು. ಭಾಗಿಸಿ ನೋಡಿದರೆ ಸೀಟಿಗೆ 34,000 ಡಾಲರ್ ಚಿಲ್ಲರೆ. ಅಂದರೆ ರಾಜ್ಯ ಸರ್ಕಾರ ತನ್ನದೇ ವಿಶ್ವವಿದ್ಯಾಲಯದಲ್ಲಿ, ತನ್ನದೇ ಮಕ್ಕಳಿಗಾಗಿ, ತನ್ನದೇ ಸೀಟುಗಳನ್ನು ಹೊರಗಿನವರ ದರದಲ್ಲಿ ಕೊಂಡಿತು. ತಿಪಟೂರಿನವರಾದ ಭಾವನಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಸ್ವಂತ ತೋಟದ ಕೊಬ್ಬರಿಯನ್ನು ತಾನೇ ಎಪಿಎಂಸಿ ಹರಾಜಿನಲ್ಲಿ ಕೂಗಿ ಮನೆಗೆ ತಂದ ಹಾಗೆ.

ಬೇರೆ ರಾಜ್ಯಗಳು ಇಷ್ಟು ಸಂಕೋಚಪಡುವುದಿಲ್ಲ. ಅಲಬಾಮಾ ವಿಶ್ವವಿದ್ಯಾಲಯ ಹೆಚ್ಚು ಅಂಕ ತೆಗೆದ ಹೊರರಾಜ್ಯದ ಮಕ್ಕಳನ್ನು ವಿದ್ಯಾರ್ಥಿವೇತನ ಕೊಟ್ಟು ಕರೆಸಿಕೊಳ್ಳುತ್ತದೆ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನವರೇ. ವರ್ಮಾಂಟ್ ರಾಜ್ಯದ ವಿಶ್ವವಿದ್ಯಾಲಯದಲ್ಲಿ ವರ್ಮಾಂಟಿನ ಹುಡುಗನೇ ಅಲ್ಪಸಂಖ್ಯಾತ. ಟೆಕ್ಸಾಸ್ ಮಾತ್ರ ಹಟದಿಂದ ಆಸ್ಟಿನ್ ಕ್ಯಾಂಪಸ್ಸಿನ ನೂರರಲ್ಲಿ ತೊಂಬತ್ತನ್ನು ತನ್ನವರಿಗೇ ಇಟ್ಟುಕೊಂಡಿದೆ. ಪ್ರತಿ ಶಾಲೆಯ ಮೊದಲ ಶೇಕಡಾ ಹತ್ತು ಮಂದಿಗೆ ಸೀಟು ಖಚಿತ ಎಂದು 1997ರಲ್ಲಿ ಕಾಯ್ದೆಯನ್ನೇ ಮಾಡಿತು. ಆಸ್ಟಿನ್ನಿನ ಮಟ್ಟಿಗೆ ಆ ಹತ್ತು ಈಗ ಕರಗುತ್ತಾ ಬಂದಿದೆ.

ಇದರಲ್ಲಿ ನನಗೆ ಮಜಾ ಅನ್ನಿಸುವುದು ಮಕ್ಕಳ ಮೆರವಣಿಗೆ. ಬರ್ಕ್ಲಿಯಲ್ಲಿ ಸೀಟು ಸಿಗದ ಕ್ಯಾಲಿಫೋರ್ನಿಯಾದ ಹುಡುಗ ಒರೆಗಾನಿಗೆ ಹೋಗಿ ಹೊರಗಿನವನ ಶುಲ್ಕ ಕಟ್ಟುತ್ತಾನೆ. ಇಲಿನಾಯ್ ಹುಡುಗ ಅಯೋವಾಕ್ಕೆ ಹೋಗಿ ಕಟ್ಟುತ್ತಾನೆ. ನ್ಯೂ ಜೆರ್ಸಿಯವನು ಎಲ್ಲೆಲ್ಲಿಗೋ ಹೋಗಿ ಕಟ್ಟುತ್ತಾನೆ. ತಮ್ಮ ತಮ್ಮ ಊರಲ್ಲೇ ಇದ್ದಿದ್ದರೆ ಇಷ್ಟು ಖರ್ಚಿಲ್ಲದೆ ಓದಬಹುದಾಗಿದ್ದ ಮಕ್ಕಳು ಗಡಿ ದಾಟಿ ಜಾಗ ಬದಲಿಸಿಕೊಂಡು ದುಪ್ಪಟ್ಟು, ಮೂರುಪಟ್ಟು ತೆರುತ್ತಾರೆ. ಪ್ರತಿ ರಾಜ್ಯದ ಶಾಸಕನೂ ಹೊರಗಿನವರು ಬಂದರು ಎಂದು ಕೂಗುತ್ತಾನೆ, ತನ್ನ ಕ್ಷೇತ್ರದ ಮಕ್ಕಳು ಯಾರ ಊರಿನಲ್ಲಿ ಹೊರಗಿನವರಾಗಿದ್ದಾರೆ ಎಂದು ಕೇಳುವುದಿಲ್ಲ. ಕೇಳಿದರೆ ಅನುದಾನದ ಮಾತು ಬರುತ್ತದೆ. ಅನುದಾನದ ಮಾತು ಬಂದರೆ ತೆರಿಗೆಯ ಮಾತು ಬರುತ್ತದೆ. ಆಗ ಭಾವನಂಥವರು ಫೋನಿಡುತ್ತಾರೆ.

ನಾವು ನಗುವ ಸ್ಥಿತಿಯಲ್ಲೇನೂ ಇಲ್ಲ ಅನ್ನಿ. ಸಿಇಟಿ ಸೀಟಿಗೆ ಕನ್ನಡನಾಡಿನವನಾಗಬೇಕಾದರೆ ಒಂದರಿಂದ ಪಿಯುಸಿವರೆಗೆ ಏಳು ವರ್ಷ ಇಲ್ಲಿ ಓದಿರಬೇಕು ಎಂಬುದು ಮುಖ್ಯ ನಿಯಮ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಕರ್ನಾಟಕದ ಪಾಲಿನ ಸೀಟಿಗೆ ಹತ್ತು ವರ್ಷ. ಅಂದರೆ ಎಂಜಿನಿಯರ್ ಆಗಲು ಏಳು ವರ್ಷದ ಕನ್ನಡಿಗತನ ಸಾಕು, ವಕೀಲನಾಗಲು ಇನ್ನೂ ಮೂರು ವರ್ಷ ಮಾಗಬೇಕು. ವೈದ್ಯನದು ಇನ್ನೂ ಸ್ವಾರಸ್ಯ. ಸ್ನಾತಕೋತ್ತರ ವೈದ್ಯಕೀಯ ಸೀಟಿಗೆ ವಾಸಸ್ಥಳದ ಮೀಸಲಾತಿ ಸಲ್ಲದು, ನಾವೆಲ್ಲರೂ ಭಾರತದ ನಿವಾಸಿಗಳು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಂಬಿಬಿಎಸ್ ಮುಗಿಯುವ ತನಕ ಕನ್ನಡಿಗ, ಎಂಡಿ ಬಾಗಿಲಲ್ಲಿ ನಿಂತರೆ ಭಾರತೀಯ. ಇನ್ನು ಹೊರನಾಡು, ಗಡಿನಾಡು ಕನ್ನಡಿಗರ ಮಕ್ಕಳಿಗೆ ಪರೀಕ್ಷಾ ಪ್ರಾಧಿಕಾರ ಕನ್ನಡ ಪರೀಕ್ಷೆ ಇಡುತ್ತದೆ. ಐವತ್ತು ಅಂಕಕ್ಕೆ ಹನ್ನೆರಡು ಬಂದರೆ ಪಾಸು. ಈ ಹನ್ನೆರಡನ್ನು ಇಲ್ಲಿ ಕನ್ನಡ ಉಳಿಸಲು ಭಾಷಣ ಮಾಡುವವರಿಗೂ ಕಡ್ಡಾಯ ಮಾಡಿದರೆ ಹಲವು ವೇದಿಕೆಗಳು ಖಾಲಿಯಾದಾವು.

ಏಪ್ರಿಲಿನಲ್ಲಿ ಭಾವ ಮತ್ತೆ ಫೋನು ಮಾಡಿದರು. ಬರ್ಕ್ಲಿ ಇಲ್ಲ ಎಂದಿತ್ತು. ಒರೆಗಾನ್ ಬಾ ಎಂದಿತ್ತು, ಹೊರಗಿನವರ ದರದಲ್ಲಿ.

"ನಮ್ಮನ್ನೇ ಔಟ್‌ಸೈಡರ್ ಅಂತಾರಲ್ಲೋ" ಎಂದರು. ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಆಮೇಲೆ ದನಿ ತಗ್ಗಿಸಿ, "ಬೆಂಗಳೂರಲ್ಲಿ ಕಂಪ್ಯೂಟರ್ ಸೈನ್ಸ್ ಹೇಗೆ? ಅದೇನೋ ಕನ್ನಡದ ಪರೀಕ್ಷೆ ಇದೆಯಂತಲ್ಲ, ಹನ್ನೆರಡು ತಗೊಂಡ್ರೆ ಆಯ್ತಂತೆ?"

"ಅಪ್ಪಿಗೆ ಕನ್ನಡ ಓದೋಕೆ ಬರುತ್ತಾ ಭಾವ?"

"ಮಾತಾಡಿದ್ರೆ ಅರ್ಥ ಆಗುತ್ತೆ. ಬೈದ್ರೆ ಪೂರ್ತಿ ಅರ್ಥ ಆಗುತ್ತೆ."

ಅದು ಸಾಲದು ಭಾವ, ಖಾಸಗಿ ಕಾಲೇಜಿನಲ್ಲಿ ಎನ್‌ಆರ್‌ಐ ಕೋಟಾ ಇದೆ, ಅದಾದರೆ ಸುಲಭ ಎಂದೆ. ಶುಲ್ಕ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಗುಣಾಕಾರ ನಡೆಯಿತು, ಈ ಸಲ ರೂಪಾಯಿಯಿಂದ ಡಾಲರಿಗೆ.

"ನಮ್ಮೂರಲ್ಲೇ ನಮಗೆ ಹೊರಗಿನೋರ ರೇಟಾ? ತಿಪಟೂರಿನ ತೋಟದ ಪಹಣಿ ಇನ್ನೂ ನನ್ನ ಹೆಸರಲ್ಲೇ ಇದೆ ಕಣೋ. ಅದನ್ನ ತೋರಿಸಿದ್ರೆ ನಡೆಯಲ್ವಾ?"