ಅಂತರ್ಮುಖಿ ಶುಶ್ರೂಷಕಿ: ಲಕ್ಷಣ, ಆವಾಸ, ಆತ್ಮರಕ್ಷಣೆ

ಅಂತರ್ಮುಖಿ ಶುಶ್ರೂಷಕಿಯು ಜಿಲ್ಲಾಸ್ಪತ್ರೆಯ ಜನರಲ್ ವಾರ್ಡಿನಲ್ಲಿ ವಾಸಿಸುವ, ಕೂಗಿದಾಗ ಬರುವ, ಕೂಗದಿದ್ದರೆ ಇನ್ನೂ ಬೇಗ ಬರುವ ಪ್ರಭೇದ. ಕಾರ್ಲ್ ಯೂಂಗ್ 1921ರಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂದು ವಿಂಗಡಿಸಿದಾಗ ನಮ್ಮ ಆಸ್ಪತ್ರೆಗಳ ಸಂದರ್ಶನದ ವೇಳೆಯನ್ನು ಕಂಡಿರಲಿಲ್ಲ. ಸಂಜೆ ಬಾಗಿಲು ತೆರೆದರೆ ಒಬ್ಬ ರೋಗಿಗೆ ಏಳೆಂಟು ನೆಂಟರು, ಎಲ್ಲರದೂ ಒಂದೇ ಪ್ರಶ್ನಾವಳಿ: "ಸಿಸ್ಟರ್, ಡಿಸ್ಚಾರ್ಜ್ ಯಾವಾಗ? ಎಳನೀರು ಕೊಡ್ಬಹುದಾ? ನಿಮ್ದು ಯಾವೂರು? ಮದ್ವೆ ಆಗಿದೆಯಾ?" ಮೊದಲೆರಡಕ್ಕೆ ಕೇಸ್ ಶೀಟಿನಲ್ಲಿ ಉತ್ತರವಿದೆ. ಕೊನೆಯದಕ್ಕೆ ಇಲ್ಲವೆಂದರೆ ಗಂಡು ತೋರಿಸುತ್ತಾರೆ, ಹೌದೆಂದರೆ ಮಕ್ಕಳೆಷ್ಟು ಎನ್ನುತ್ತಾರೆ.

ಆತ್ಮರಕ್ಷಣೆಗೆ ಪ್ರಕೃತಿ ಕೊಂಬು ಕೊಡದಿದ್ದರೂ ಸರ್ಕಾರ ಥರ್ಮಾಮೀಟರ್ ಕೊಟ್ಟಿದೆ. ನಾಲಗೆಯಡಿ ಅದನ್ನಿಟ್ಟುಕೊಂಡವರು ಕುಲಗೋತ್ರ ವಿಚಾರಿಸಲಾರರು. ಪಾದರಸದ ಕಾಲದಲ್ಲಿ ಈ ನೆಮ್ಮದಿ ಮೂರು ನಿಮಿಷ ಇರುತ್ತಿತ್ತು. ಡಿಜಿಟಲ್ ಬಂದ ಮೇಲೆ ಅಷ್ಟು ಹೊತ್ತಿಲ್ಲ. ಹಣೆಗೆ ಗುರಿಯಿಡುವ ಇನ್‌ಫ್ರಾರೆಡ್ ಯಂತ್ರವಂತೂ ರೋಗಿಯ ಬಾಯಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟಿತು. ಇದನ್ನು ಪ್ರಗತಿ ಎನ್ನುವವರು ಬಹಿರ್ಮುಖಿಗಳೇ ಇರಬೇಕು.

ಇನ್ನುಳಿದ ಆಶ್ರಯ ನಾಡಿ. ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಿರುವವಳನ್ನು ಯಾರೂ ಮಾತಾಡಿಸುವುದಿಲ್ಲ. ಎಣಿಕೆ ಮುಗಿದರೂ ಕೈ ಬಿಡಬೇಕಿಲ್ಲ: ಉಸಿರು ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರಿನ ಲಯವೇ ಬದಲಾಗುವುದರಿಂದ, ನಾಡಿ ಹಿಡಿದವಳಂತೆಯೇ ಇದ್ದು ಎದೆಯ ಏರಿಳಿತ ಎಣಿಸಬೇಕೆಂದು ನರ್ಸಿಂಗ್ ಪಾಠವೇ ಹೇಳುತ್ತದೆ. ಹೀಗೆ ಪಠ್ಯಕ್ರಮದ ಸಮ್ಮತಿಯಿಂದಲೇ ಇನ್ನೊಂದು ನಿಮಿಷ ಗಿಟ್ಟುತ್ತದೆ. ಅದೂ ಸಾಲದಿದ್ದರೆ ಡ್ರಿಪ್ ಉಂಟು. 20 ಹನಿಗೆ ಒಂದು ಮಿ.ಲೀ. ಬೀಳುವ ಸೆಟ್ಟಿನಲ್ಲಿ ಗಂಟೆಗೆ 100 ಮಿ.ಲೀ. ಹೋಗಬೇಕಾದರೆ ನಿಮಿಷಕ್ಕೆ 33 ಹನಿ, ಎಣಿಸಿಯೇ ತೀರಬೇಕು.

ಪೂರ್ವಾಚಾರ್ಯರ ಬೆಂಬಲವೂ ಈ ಪಕ್ಷಕ್ಕಿದೆ. ಫ್ಲಾರೆನ್ಸ್ ನೈಟಿಂಗೇಲ್ 1856ರಲ್ಲಿ ಯುದ್ಧಭೂಮಿಯಿಂದ ಮರಳುವಾಗ ಸ್ವಾಗತದ ಗದ್ದಲ ತಪ್ಪಿಸಿಕೊಳ್ಳಲು 'ಮಿಸ್ ಸ್ಮಿತ್' ಎಂಬ ಹೆಸರಿನಲ್ಲಿ ಪ್ರಯಾಣ ಮಾಡಿದರು. ಶುಶ್ರೂಷೆಯ ಕುರಿತ ತಮ್ಮ ಪುಸ್ತಕದಲ್ಲಿ ಗದ್ದಲಕ್ಕೊಂದು ಅಧ್ಯಾಯ, ನೋಡಲು ಬಂದವರ ಪೊಳ್ಳು ಸಮಾಧಾನ ಮತ್ತು ಪುಕ್ಕಟೆ ಸಲಹೆಗೆ ಇನ್ನೊಂದು ಅಧ್ಯಾಯ ಮೀಸಲಿಟ್ಟರು.

ಈ ಪ್ರಭೇದ ಬಾಯಿಬಿಡುವುದು ಪಾಳಿ ಒಪ್ಪಿಸುವಾಗ: "ಹನ್ನೊಂದನೇ ಬೆಡ್, ರಾತ್ರಿಯಿಂದ ಯೂರಿನ್ ಕಮ್ಮಿ, ಒದ್ದಾಡ್ತಿದ್ದಾರೆ, ಡ್ಯೂಟಿ ಡಾಕ್ಟರ್‌ಗೆ ಹೇಳಿದೀನಿ." ಹರಟೆಯ ಸಹೋದ್ಯೋಗಿ ಅರ್ಧ ಗಂಟೆಯಲ್ಲೂ ಹೇಳದ ವಿಷಯ ಇಷ್ಟರಲ್ಲಿ ಮುಗಿಯುತ್ತದೆ. ಆದರೂ ವಾರ್ಷಿಕ ವರದಿಯಲ್ಲಿ "ಹೆಚ್ಚು ಬೆರೆಯುವುದಿಲ್ಲ" ಎಂಬ ಷರಾ ತಪ್ಪುವುದಿಲ್ಲ.

ಪ್ರಭೇದದ ಏಕೈಕ ಸಹಜ ಶತ್ರು ಬಡ್ತಿ. ವಾರ್ಡಿನ ಇನ್‌ಚಾರ್ಜ್ ಆದೊಡನೆ ಡ್ಯೂಟಿ ಚಾರ್ಟ್ ಬರೆಯುವ ಹೊಣೆ ಬರುತ್ತದೆ, ಅದರ ಹಿಂದೆಯೇ ಗೌರಿ ಹಬ್ಬಕ್ಕೆ ರಜೆ ಕೇಳಲು ಇಡೀ ಸಿಬ್ಬಂದಿ. ಅವರ ಬಾಯಿಗೆ ಥರ್ಮಾಮೀಟರ್ ಇಡಲು ಸೇವಾ ನಿಯಮದಲ್ಲಿ ಅವಕಾಶವಿಲ್ಲ.