ಓಡ್ತಿದೆಯಲ್ಲ ಮಾವ

ಪ್ರತಿ ಬಂಧುಬಳಗದಲ್ಲೂ ಇಂಥ ಮಾವ ಒಬ್ಬರು ಇದ್ದೇ ಇರುತ್ತಾರೆ. ಕಾರಿನ ಬಗ್ಗೆ ಏನೇ ಕೇಳಿ, "ಓಡ್ತಿದೆಯಲ್ಲ!" ಅನ್ನುತ್ತಾರೆ. ಹಾಗಂತ ಜಿಪುಣರು ಅಂದುಕೊಳ್ಳಬೇಡಿ. ಸೀಟ್ ಕವರ್ ವರ್ಷಕ್ಕೊಮ್ಮೆ ಬದಲಾಗುತ್ತದೆ. ಆಯುಧಪೂಜೆಗೆ ಬಾನೆಟ್ಟಿಗೆ ಬಾಳೆಕಂದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು, ಮೇಲೊಂದು ಬೂದುಗುಂಬಳ. ಕಣ್ಣಿಗೆ ಕಾಣುವ ಯಾವ ಭಾಗಕ್ಕೂ ಅವರು ಕೊರತೆ ಮಾಡಿದವರಲ್ಲ. ಪಾಪ, ಟೈಮಿಂಗ್ ಬೆಲ್ಟು ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಕೂತಿರುತ್ತದೆ.

ಮಾವನದು ಡೀಸೆಲ್ ಕಾರು. ಲಕ್ಷ ಕಿಲೋಮೀಟರೋ ಐದು ವರ್ಷವೋ, ಯಾವುದು ಮೊದಲು ಮುಗಿಯುತ್ತದೋ ಆಗ ಬೆಲ್ಟ್ ಬದಲಿಸಿ ಅಂತ ಕೈಪಿಡಿಯಲ್ಲಿ ಬರೆದಿತ್ತು. ಕೈಪಿಡಿಯ ಪ್ಲಾಸ್ಟಿಕ್ ಕವರನ್ನು ಯಾರೂ ಹರಿದಿರಲಿಲ್ಲ. ಲಕ್ಷ ದಾಟಿದ ದಿನ ಮಾವ ಮೀಟರಿನ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದರು: "ಇಂಜಿನ್ನಿಗೆ ಇದುವರೆಗೆ ಒಂದು ಪೈಸೆ ಖರ್ಚಿಲ್ಲ." ಇಪ್ಪತ್ತಾರು ಜನ ಕೈಮುಗಿದರು.

"ಬೆಲ್ಟು, ಟೆನ್ಷನರು, ವಾಟರ್ ಪಂಪು ಮೂರೂ ಒಟ್ಟಿಗೆ ಹಾಕಿಬಿಡೋಣ ಸಾರ್, ಪಂಪು ತಿರುಗೋದೂ ಅದೇ ಬೆಲ್ಟಿಂದ," ಎಂದ ಗ್ಯಾರೇಜಿನ ಹುಡುಗನಲ್ಲಿ ಮಾವನಿಗೆ ದರೋಡೆಕೋರ ಕಂಡ.

"ನಮ್ಮಪ್ಪನ ಅಂಬಾಸಿಡರ್‌ಗೆ ಜನ್ಮದಲ್ಲಿ ಇಂಥ ಬೆಲ್ಟ್ ಬದಲಾಯಿಸಿಲ್ಲ ಕಣಯ್ಯ!"

ನಿಜ, ಬದಲಾಯಿಸಿಲ್ಲ. ಆ ಅಂಬಾಸಿಡರಿನಲ್ಲಿ ಆ ಜಾಗದಲ್ಲಿದ್ದದ್ದು ಉಕ್ಕಿನ ಚೈನು. ಹಲ್ಲಿರುವ ರಬ್ಬರ್ ಬೆಲ್ಟು ಜನ ಕೊಳ್ಳುವ ಕಾರುಗಳ ಇಂಜಿನ್ನಿಗೆ ಬಂದದ್ದೇ 1960ರ ದಶಕದಲ್ಲಿ, ಜರ್ಮನಿಯ ಗ್ಲಾಸ್ ಎಂಬ ಸಣ್ಣ ಕಂಪನಿಯ ಕಾರಿನಿಂದ. ಆ ಕಂಪನಿಯನ್ನು 1966ರಲ್ಲಿ ಬಿಎಂಡಬ್ಲ್ಯು ನುಂಗಿತು. ಬೆಲ್ಟು ಮಾತ್ರ ಮಾವನ ತನಕ ಬಂತು.

ಧರ್ಮಸ್ಥಳಕ್ಕೆ ಹೊರಟಾಗ, ಬಾಳ್ಳುಪೇಟೆ ದಾಟಿದ ಮೇಲೆ ಅದು ಹರಿಯಿತು. ಹೊಗೆಯಿಲ್ಲ, ವಾಸನೆಯಿಲ್ಲ. ಸಣ್ಣಗೆ ಟಪ್ ಅಂತು, ಅಷ್ಟೆ. ಪಿಸ್ಟನ್ನೂ ವಾಲ್ವೂ ಒಂದೇ ಒರಳಿಗೆ ಒನಕೆ ಹಾಕುವ ಇಬ್ಬರಂತೆ; ಒಂದು ಇಳಿಯುವಾಗ ಇನ್ನೊಂದು ಜಾಗ ಬಿಟ್ಟಿರಬೇಕು. ಆ ತಾಳ ಹಿಡಿಯುವುದು ಬೆಲ್ಟು: ಕೆಳಗೆ ಪಿಸ್ಟನ್ನಿನ ಕ್ರ್ಯಾಂಕ್ ಎರಡು ಸುತ್ತು ಬಂದರೆ ಮೇಲೆ ವಾಲ್ವು ತೆರೆಯುವ ಕ್ಯಾಮ್ ಒಂದು ಸುತ್ತು. ಬೆಲ್ಟು ಹೋದದ್ದೇ ಕ್ಯಾಮ್ ನಿಂತುಬಿಟ್ಟಿತು, ತೆರೆದಿದ್ದ ವಾಲ್ವುಗಳು ತೆರೆದೇ ಉಳಿದವು. ಕಾರು ಇನ್ನೂ ಗೇರಿನಲ್ಲೇ ಉರುಳುತ್ತಿತ್ತಲ್ಲ, ಪಿಸ್ಟನ್ನುಗಳು ಸೆಕೆಂಡಿಗೆ ಹತ್ತಾರು ಸಲ ಮೇಲೆ ಬಂದು ಗುದ್ದಿದವು. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿಯೇ ಡೀಸೆಲ್ಲಿಗೆ ಕಿಚ್ಚು ಹಚ್ಚಬೇಕಾದ್ದರಿಂದ ಅಲ್ಲಿ ಪಿಸ್ಟನ್ನಿನ ತಲೆಯ ಮೇಲೆ ಜಾಗವೇ ಕಡಿಮೆ.

ನಿಂತ ಕಾರನ್ನು ಅಲ್ಲಿಗೇ ಬಿಟ್ಟಿದ್ದರೆ ಕಥೆ ಸ್ವಲ್ಪ ಅಗ್ಗದಲ್ಲಿ ಮುಗಿಯುತ್ತಿತ್ತೋ ಏನೋ. ಮಾವ ಸೆಲ್ಫ್ ಹೊಡೆದರು. ಒತ್ತಡವೇ ಇಲ್ಲದ ಇಂಜಿನ್ನು ಹಿಂದೆಂದೂ ಇಲ್ಲದಷ್ಟು ಸಲೀಸಾಗಿ ಗಿರ್ರನೆ ತಿರುಗಿತು.

"ನೋಡಿದ್ಯಾ, ಬ್ಯಾಟರಿ ಹೆಂಗಿದೆ!" ಎಂದು ಅತ್ತೆಯ ಕಡೆ ನೋಡಿ ಮತ್ತೆ ಹೊಡೆದರು, ಮತ್ತೆ ಹೊಡೆದರು. ಆಮೇಲೆ ಚಹಾದಂಗಡಿಯಿಂದ ನಾಲ್ವರನ್ನು ಕರೆತಂದು ತಳ್ಳಿಸಿ, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟರು. ಅದುವರೆಗೆ ಬಾಗದೆ ಉಳಿದಿದ್ದ ಒಂದೆರಡು ವಾಲ್ವಿಗೂ ಆಗ ನ್ಯಾಯ ಸಿಕ್ಕಿತು.

ಹಾಸನದಲ್ಲಿ ಹೆಡ್ಡು ಬಿಚ್ಚಿದಾಗ ಪಿಸ್ಟನ್ನುಗಳ ನೆತ್ತಿಯ ಮೇಲೆ ಅರ್ಧಚಂದ್ರದ ಗುರುತುಗಳು. "ಎಂಟಕ್ಕೆ ಎಂಟೂ ಬೆಂಡು ಸಾರ್. ಹೆಡ್ಡು ಲೇತಿಗೆ ಹೋಗ್ಬೇಕು," ಎಂದ ಮೆಕ್ಯಾನಿಕ್ ಹೇಳಿದ ಮೊತ್ತದಲ್ಲಿ ಹಲವಾರು ಬೆಲ್ಟುಗಳು ಬರುತ್ತಿದ್ದವು. ಮಾವನಿಗೆ ದುಡ್ಡಿಗಿಂತ ಅವಮಾನ ದೊಡ್ಡದಾಯಿತು.

"ಬ್ರೇಕ್ ಸವೆದರೆ ಕಿರುಗುಟ್ಟುತ್ತೆ, ಕ್ಲಚ್ ಸುಟ್ಟರೆ ವಾಸನೆ ಬರುತ್ತೆ. ಇದು ಹೋಗೋ ಮುಂಚೆ ಒಂದು ಸದ್ದಾದರೂ ಮಾಡಬಾರದಿತ್ತಾ?"

"ಮಾಡಿದ್ದರೆ ಎಫ್ಎಂ ಜೋರು ಮಾಡ್ತಿದ್ರಿ," ಎಂದರು ಅತ್ತೆ.

ಹರಿದ ಬೆಲ್ಟು ಈಗ ಅವರ ಶೋಕೇಸಿನಲ್ಲಿದೆ. ಮನೆಗೆ ಬಂದವರ ಕೈಗೆ ಅದನ್ನು ಕೊಟ್ಟು, "ಹಲ್ಲು ನೋಡಿ, ಹೆಂಗೆ ಉದುರಿದೆ" ಎಂದು ಮಾವ ಪಾಠ ಶುರುಮಾಡುತ್ತಾರೆ. ಕಾಫಿ ಬರುವಷ್ಟರಲ್ಲಿ ಟೆನ್ಷನರಿಗೆ ಬಂದಿರುತ್ತಾರೆ. ಊರವರ ಕಾರಿಗೆಲ್ಲ ಬೆಲ್ಟು ಹಾಕಿಸಿದ ಪುಣ್ಯ ಅವರದು.

ಮೊನ್ನೆ ಹೊಸ ಕಾರು ನೋಡಲು ಶೋರೂಮಿಗೆ ಹೋದವರು ಬಣ್ಣ ಕೇಳಲಿಲ್ಲ, ಮೈಲೇಜ್ ಕೇಳಲಿಲ್ಲ. "ಬೆಲ್ಟೋ, ಚೈನೋ?"

"ಚೈನ್ ಸಾರ್. ಆಯಿಲ್ ಮಾತ್ರ ಟೈಮಿಗೆ ಸರಿಯಾಗಿ ಬದಲಾಯಿಸ್ತಾ ಇರಬೇಕು, ಇಲ್ಲಾಂದ್ರೆ ಚೈನು ಸವೆಯುತ್ತೆ."

ಮಾವ ಚೆಕ್ ಪುಸ್ತಕ ತೆಗೆಯುತ್ತಾ ಕೇಳಿದರು: "ಬದಲಾಯಿಸದಿದ್ರೂ ಓಡುತ್ತಲ್ವಾ?"